ತುಮಕೂರಿನಿಂದ ಗಣೇಶಗುಡಿಗೆ: ಮಕ್ಕಳ ಮೊದಲ ರಾಫ್ಟಿಂಗ್, ಒಂದು ಪ್ರಕರಣ ಅಧ್ಯಯನ

ತುಮಕೂರಿನ ನಾಲ್ಕು ಮನೆಯವರು ಸೇರಿ ಒಟ್ಟು 14 ಜನ. ದೊಡ್ಡವರು 8: ಏಳು ಮಂದಿ ಅಪ್ಪ–ಅಮ್ಮಂದಿರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ 64ರ ಒಬ್ಬ ಅಜ್ಜಿ. ಮಕ್ಕಳು 6: ವಯಸ್ಸು 14, 13, 11, 9, 8 ಮತ್ತು 5. ರಾಫ್ಟ್ ಎಂದರೆ ರಭಸದ ನದಿಯಲ್ಲಿ ಹುಟ್ಟು ಹಾಕುತ್ತ ಸಾಗುವ, ಗಾಳಿ ತುಂಬಿದ ದೋಣಿ; ಯಾರೂ ಹಿಂದೆ ಅದನ್ನು ಹತ್ತಿದವರಲ್ಲ. ಇಬ್ಬರು ಅಪ್ಪಂದಿರು ಮತ್ತು 14ರ ಹುಡುಗ ಬಾವಿ, ಕೆರೆಯಲ್ಲಿ ಈಜು ಕಲಿತವರು. ಉಳಿದವರದು ಅರೆಬರೆ ಈಜು, ಕೆಲವರಿಗೆ ಅದೂ ಇಲ್ಲ. 11ರ ಹುಡುಗನಿಗೆ ಉಬ್ಬಸವಿದೆ.

ಮೊದಲು ಹಾಕಿಕೊಂಡ ಯೋಜನೆ ಆಗಸ್ಟ್ 15ರ ರಜೆಗೆ, ಕೊಡಗಿಗೆ. ಅದನ್ನು ಕೈಬಿಡಿಸಿದ್ದು ಸರಿಯಾಗಿತ್ತು.

ಯಾವ ನದಿ, ಯಾವ ತಿಂಗಳು

ತುಮಕೂರು ಜಿಲ್ಲೆಯಲ್ಲೇ ಹುಟ್ಟುವ ಶಿಂಷಾ, ಜಯಮಂಗಲಿಗಳಲ್ಲಿ ರಾಫ್ಟಿಂಗ್ ಮಾತೇ ಇಲ್ಲ. ವರ್ಷದ ಬಹುಪಾಲು ಅವು ಮರಳು ತೋರಿಸುವ ನದಿಗಳು. ಹೀಗಾಗಿ ಪಶ್ಚಿಮಕ್ಕೆ ಹೋಗಲೇಬೇಕು. ಹತ್ತಿರದ ಆಯ್ಕೆಗಳಾದ ಕೊಡಗಿನ ದುಬಾರೆ, ಬರಪೊಳೆ ಮತ್ತು ಚಿಕ್ಕಮಗಳೂರಿನ ಬಾಳೆಹೊನ್ನೂರು ಕಡೆಯ ಭದ್ರಾ, ಇವೆಲ್ಲ ಮಳೆಗಾಲದ ಹಾದಿಗಳು. ಬರಪೊಳೆಯನ್ನು ಪಟ್ಟಿಯಿಂದ ತಕ್ಷಣ ತೆಗೆಯಬೇಕಾಯಿತು. ನದಿಯ ರಭಸವನ್ನು ಗ್ರೇಡ್ 1ರಿಂದ 6ರವರೆಗೆ ಅಳೆಯುತ್ತಾರೆ. 1 ಎಂದರೆ ಸಣ್ಣ ಅಲೆಗಳ ಹರಿವು. 2ರಲ್ಲಿ ಅಲೆ ಎದ್ದರೂ ಹಾದಿ ಅಗಲ, ಮುಂದೇನಿದೆ ಎಂದು ಕಾಣುತ್ತದೆ. 3ರಲ್ಲಿ ಅಲೆಗಳು ಅಡ್ಡಾದಿಡ್ಡಿ, ರಾಫ್ಟನ್ನು ತಿರುಗಿಸುತ್ತಲೇ ಇರಬೇಕು. 4ರಲ್ಲಿ ಬಿದ್ದವರನ್ನು ಎತ್ತುವುದೇ ಕಷ್ಟ. ಮಕ್ಕಳ ಮೊದಲ ಸಲಕ್ಕೆ 2ರ ಮೇಲೆ ಹೋಗುವುದು ದೊಡ್ಡವರ ಆಸೆಯೇ ಹೊರತು ಮಕ್ಕಳದ್ದಲ್ಲ. ತುಂಬು ಮಳೆಗಾಲದ ಬರಪೊಳೆ ಅದನ್ನು ದಾಟುತ್ತದೆ.

ದುಬಾರೆ ಅಷ್ಟು ಕಠಿಣವಲ್ಲ. ಆದರೆ ಅಲ್ಲಿಗಿಂತ ಮೇಲೆ ಕಾವೇರಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಭಾಗಮಂಡಲದಲ್ಲಿ ರಾತ್ರಿ ಸುರಿದ ಮಳೆಯೇ ಮರುದಿನದ ನೀರಿನ ಮಟ್ಟವನ್ನು ನಿರ್ಧರಿಸುತ್ತದೆ. ನೀರು ಏರಿದರೆ ರಾಫ್ಟಿಂಗ್ ನಿಲ್ಲಿಸುತ್ತಾರೆ. ನಿಲ್ಲಿಸದ ದಿನವೂ ಕೆಂಪು ನೀರಿನಲ್ಲಿ ಮರದ ಕೊಂಬೆ, ಬೇರು ತೇಲಿ ಬರುತ್ತವೆ; ದಡದಲ್ಲಿ ಸಿಕ್ಕಿಕೊಂಡ ಮರ ನೀರನ್ನು ಹರಿಯಬಿಟ್ಟು ಮನುಷ್ಯನನ್ನು ಹಿಡಿದಿಡುತ್ತದೆ. ಆರು ಮಕ್ಕಳನ್ನು ಕರೆದುಕೊಂಡು 200 ಕಿ.ಮೀ.ಗೂ ಹೆಚ್ಚು ಹೋಗಿ "ಇವತ್ತು ಇಲ್ಲ" ಎಂದು ಕೇಳಿಸಿಕೊಂಡರೆ, ಗುಂಪು ಇನ್ನೊಂದು ದುಡುಕಿನ ಆಯ್ಕೆಗೆ ಕೈಹಾಕುತ್ತದೆ. ಅಪಾಯದ ಅರ್ಧ ಅಲ್ಲೇ ಹುಟ್ಟುತ್ತದೆ.

ಆಯ್ದದ್ದು ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಗಣೇಶಗುಡಿ. ಇಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆಯಿದೆ, ಅದರ ಬುಡದಲ್ಲೇ 50 ಮೆಗಾವಾಟ್‌ನ ಎರಡು ಘಟಕಗಳ ವಿದ್ಯುದಾಗಾರ. ಟರ್ಬೈನ್ ತಿರುಗಿದರೆ ಕೆಳಗೆ ನೀರು, ನಿಂತರೆ ಬಂಡೆ. ಆದ್ದರಿಂದ ಇಲ್ಲಿ ರಾಫ್ಟಿಂಗ್ ಆಕಾಶ ನೋಡಿ ನಡೆಯುವುದಿಲ್ಲ, ರಾಜ್ಯದ ಕರೆಂಟ್ ಬೇಡಿಕೆ ನೋಡಿ ನಡೆಯುತ್ತದೆ. ತುಮಕೂರಿನ ತೆಂಗು, ಅಡಿಕೆ ತೋಟಗಳ ಪಂಪ್‌ಸೆಟ್ ಓಡುವ ಏಪ್ರಿಲ್‌ನಲ್ಲಿ ಬೇಡಿಕೆ ಹೆಚ್ಚು, ಸೂಪಾದಿಂದ ನೀರು ಬರುವ ಸಂಭವವೂ ಹೆಚ್ಚು. ದಸರಾ ರಜೆಯಲ್ಲಿ ಹಿಂಗಾರು ಮಳೆ ಚೆನ್ನಾಗಿ ಬಿದ್ದರೆ ಪಂಪ್‌ಸೆಟ್ ನಿಲ್ಲುತ್ತವೆ, ಟರ್ಬೈನೂ ನಿಲ್ಲಬಹುದು. ಇದೇ ಲೆಕ್ಕದಲ್ಲಿ ಪ್ರವಾಸವನ್ನು ಬೇಸಿಗೆ ರಜೆ ಶುರುವಾದ ಮೇಲಿನ ವಾರಕ್ಕೆ ಹಾಕಿದರು. ಶನಿವಾರ, ಭಾನುವಾರ ಬಿಟ್ಟು ಮಂಗಳವಾರ, ಬುಧವಾರ. ವಾರಾಂತ್ಯದಲ್ಲಿ ರಾಫ್ಟ್ ಒಂದಕ್ಕೆ ಮಂದಿ ತುಂಬುವ ಒತ್ತಡ ಜಾಸ್ತಿ, ಗೈಡ್‌ಗಳಿಗೂ ಮಕ್ಕಳ ಜಾಕೆಟ್ ಸರಿಮಾಡಲು ಪುರುಸೊತ್ತಿರುವುದಿಲ್ಲ.

ಗಣೇಶಗುಡಿಯಲ್ಲಿ ಸುಮಾರು 9 ಕಿ.ಮೀ.ಗಳ, ಗ್ರೇಡ್ 3 ಮುಟ್ಟುವ ಉದ್ದದ ಹಾದಿಯೂ ಇದೆ, ಕುಟುಂಬಗಳಿಗೆ ಒಗ್ಗುವ ಗಿಡ್ಡ ಹಾದಿಯೂ ಇದೆ. ಬೆಳಗ್ಗೆ ಎಲ್ಲರಿಗೂ ಗಿಡ್ಡದು. ಅದು ಸಲೀಸಾಗಿ ಮುಗಿದರೆ ಮಧ್ಯಾಹ್ನ 14 ಮತ್ತು 13ರ ಮಕ್ಕಳಿಗೆ ಮಾತ್ರ, ಇಬ್ಬರು ದೊಡ್ಡವರ ಜೊತೆ ಉದ್ದದ್ದು ಎಂದು ತೀರ್ಮಾನವಾಯಿತು. ಜೊತೆಗೊಂದು ಕಟ್ಟುಪಾಡು: ಮಧ್ಯಾಹ್ನ 1 ಗಂಟೆಯೊಳಗೆ ಮೊದಲ ಹಾದಿ ಹೊರಡದಿದ್ದರೆ ಅವತ್ತು ರದ್ದು, 2 ಗಂಟೆ ದಾಟಿದರೆ ಎರಡನೆಯದು ರದ್ದು. ಅಶ್ವಿನಿ ಮಳೆಯ ದಿನಗಳಲ್ಲಿ ಘಟ್ಟದ ಕಡೆ ಗುಡುಗು, ಸಿಡಿಲು ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ. ಗಡುವನ್ನು ತುಮಕೂರಿನಲ್ಲಿ ಕೂತೇ ಬರೆದಿಟ್ಟದ್ದರಿಂದ, ನದಿ ದಡದಲ್ಲಿ ಮಕ್ಕಳ ಮುಖ ನೋಡಿ ವಾದ ಮಾಡುವ ಪ್ರಮೇಯ ಬರಲಿಲ್ಲ.

ಯಾರು ಹತ್ತಬೇಕು

ಇಲ್ಲಿ ವಯಸ್ಸಿಗಿಂತ ತೂಕ ಮುಖ್ಯ. ಮಕ್ಕಳ ಮಧ್ಯಮ ಅಳತೆಯ ಲೈಫ್ ಜಾಕೆಟ್ ಸಾಮಾನ್ಯವಾಗಿ 23ರಿಂದ 41 ಕೆ.ಜಿ. ತೂಕಕ್ಕೆ, ದೊಡ್ಡವರದು ಅದರ ಮೇಲಿನವರಿಗೆ. 14ರ ಹುಡುಗ 47 ಕೆ.ಜಿ., 13ರ ಹುಡುಗಿ 44, 11ರವನು 33, 9ರವಳು 27. ಇವರಿಗೆ ಜಾಕೆಟ್ ಸಿಗುತ್ತದೆ. 8ರ ಹುಡುಗ 19 ಕೆ.ಜಿ. ಧೈರ್ಯ ಎಲ್ಲರಿಗಿಂತ ಹೆಚ್ಚು, ಆದರೆ ಜಾಕೆಟ್ ಮೈಗೆ ನಿಲ್ಲದು. ಅವನನ್ನು ಬಿಟ್ಟರು. ಒಂದು ವಾರ ಮನೆಯಲ್ಲಿ ರಂಪ ನಡೆದಿರಬಹುದು. ರಂಪಕ್ಕೆ ಮಣಿದು ಸಡಿಲ ಜಾಕೆಟ್ ತೊಡಿಸುವುದಕ್ಕಿಂತ ಅದು ಮೇಲು. 5ರ ಮಗು, ಅಜ್ಜಿ ಮತ್ತು ಒಬ್ಬ ಅಮ್ಮ ಅವನ ಜೊತೆ ದಡದಲ್ಲಿ.

ಉಳಿದದ್ದು 6 ದೊಡ್ಡವರು, 4 ಮಕ್ಕಳು. ಎರಡು ರಾಫ್ಟ್, ಪ್ರತಿಯೊಂದರಲ್ಲಿ 3 ದೊಡ್ಡವರು, 2 ಮಕ್ಕಳು, ಹಿಂದೆ ಒಬ್ಬ ಗೈಡ್. "ಒಂದರಲ್ಲೇ ಎಂಟು ಜನ ಹಿಡಿಸ್ತೀವಿ, ಇನ್ನಿಬ್ಬರು ಮಧ್ಯದಲ್ಲಿ ಕೂತ್ಕೊಳ್ಳಲಿ" ಎಂಬ ಮಾತು ಬಂದೇ ಬರುತ್ತದೆ. ಒಪ್ಪಬಾರದು. ಮಧ್ಯದಲ್ಲಿ ಕೂತವರಿಗೆ ಕಾಲು ಸಿಕ್ಕಿಸಲು ಜಾಗವಿಲ್ಲ, ರಾಫ್ಟ್ ಮಗುಚಿದರೆ ಮೊದಲು ಅಡಿಗೆ ಸಿಗುವವರು ಅವರೇ. ಮುಂದಿನ ಸಾಲಿನಲ್ಲಿ ಹುಟ್ಟು ಹಾಕಬಲ್ಲ ಇಬ್ಬರು ದೊಡ್ಡವರು; ಎರಡನೇ ಸಾಲಿನಲ್ಲಿ ಮಕ್ಕಳು; ಅವರ ಹಿಂದೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಮೂರನೆಯವರು. ಮಗುವನ್ನು ರಾಫ್ಟಿಗೆ ಹಗ್ಗದಿಂದ ಕಟ್ಟುವುದು ಮಾತ್ರ ಎಂದಿಗೂ ಕೂಡದು. ಕೆಲವು ಅಪ್ಪಂದಿರಿಗೆ ಇದು ಜಾಣತನ ಅನ್ನಿಸುತ್ತದೆ; ಮಗುಚಿದ ರಾಫ್ಟಿಗೆ ಕಟ್ಟಿದ ಮಗು ನೀರಿನಡಿಯಲ್ಲೇ ಉಳಿಯುತ್ತದೆ.

ಮನೆಯಲ್ಲಿ ಮಾಡಿಸಿದ ತಾಲೀಮು

ಬಾವಿಯಲ್ಲಿ ಈಜು ಕಲಿತವರ ಆತ್ಮವಿಶ್ವಾಸ ಹರಿಯುವ ನೀರಿನಲ್ಲಿ ಕೈಕೊಡುವ ಸಾಮಾನು. ಬಾವಿಯ ನೀರು ನಿಂತಿರುತ್ತದೆ, ಕಾಲು ನೆಲಕ್ಕೆ ತಾಗಿದರೆ ನಿಲ್ಲಬಹುದು. ಸೆಳವಿನಲ್ಲಿ ಮೊಣಕಾಲುದ್ದ ನೀರಿದ್ದರೂ ನಿಲ್ಲಬಾರದು: ಪಾದ ಎರಡು ಕಲ್ಲುಗಳ ಸಂದಿನಲ್ಲಿ ಸಿಕ್ಕರೆ ಹಿಂದಿನಿಂದ ನೀರು ಮೈಯನ್ನು ಮುಂದಕ್ಕೆ ಬಗ್ಗಿಸಿ ಮುಖವನ್ನು ಮುಳುಗಿಸುತ್ತದೆ. ಆದ್ದರಿಂದ ಕಲಿಸಬೇಕಾದದ್ದು ಈಜಲ್ಲ, ತೇಲುವ ಭಂಗಿ. ಅಂಗಾತ ಮಲಗು, ಮೂಗೂ ಕಾಲ್ಬೆರಳೂ ನೀರಿನ ಮೇಲೆ ಕಾಣಲಿ, ಪಾದ ನೀರು ಹೋಗುವ ದಿಕ್ಕಿಗೆ, ಮೊಣಕಾಲು ತುಸು ಮಡಚಿರಲಿ. ಕಲ್ಲು ಎದುರಾದರೆ ಪಾದದಿಂದ ಒದ್ದು ಸರಿ. ತುಮಕೂರಿನ ಈಜುಕೊಳದಲ್ಲಿ ನಾಲ್ವರು ಮಕ್ಕಳಿಗೂ ಜಾಕೆಟ್ ತೊಡಿಸಿ, ಅಂಚಿನಿಂದ ಧುಮುಕಿಸಿ, ಈ ಭಂಗಿಯಲ್ಲಿ ಐದು ನಿಮಿಷ ತೇಲಿಸಿದರು. ಮುಖಕ್ಕೆ ನೀರು ಎರಚಿದಾಗ ಕಿರುಚದೆ ಬಾಯಿ ಮುಚ್ಚಿಕೊಳ್ಳಲು ಬರಬೇಕು, ಅದೇ ಪರೀಕ್ಷೆ. 9ರ ಹುಡುಗಿ ಮೊದಲ ದಿನ ಸೋತು ಎರಡನೇ ಸಲ ಗೆದ್ದಳು.

ಗೈಡ್‌ಗಳ ಆಜ್ಞೆಗಳು ಇಂಗ್ಲಿಷಿನವು: ಫಾರ್ವರ್ಡ್, ಬ್ಯಾಕ್, ಸ್ಟಾಪ್, ಹೋಲ್ಡ್ ಆನ್, ಗೆಟ್ ಡೌನ್. ಹಿಂದಿಯಲ್ಲಿ ವಿವರಿಸುವ ಗೈಡ್‌ಗಳೂ ಸಿಗುತ್ತಾರೆ, ಚಿಕ್ಕವರಿಗೆ ಅದು ತಲೆಗೆ ಹೋಗುವುದಿಲ್ಲ. ಅದಕ್ಕೆ ಮನೆಯಲ್ಲೇ ದಿವಾನದ ಅಂಚಿನಲ್ಲಿ ಕೂರಿಸಿ, ಕೈಗೆ ಪೊರಕೆ ಕೊಟ್ಟು ಆಜ್ಞೆ ಕೂಗಿಸಿದರು. "ಗೆಟ್ ಡೌನ್" ಎಂದರೆ ರಾಫ್ಟಿನ ನೆಲಕ್ಕೆ ಕುಸಿದು ಹಗ್ಗ ಹಿಡಿಯಬೇಕು. ಹೊಸಬರು ನೀರಿಗೆ ಇಳಿ ಎಂದುಕೊಳ್ಳುವುದುಂಟು.

ಫೋನಿನಲ್ಲಿ ಬುಕ್ ಮಾಡುವಾಗ ದರ ವಿಚಾರಿಸುವ ಮೊದಲು ಕೇಳಿದ್ದು ಬೇರೆಯೇ: ಅನುಮತಿ ಪತ್ರದ ಪ್ರತಿ ಕಳಿಸ್ತೀರಾ, 27 ಕೆ.ಜಿ. ಮಗುವಿಗೆ ಜಾಕೆಟ್ ಇದೆಯಾ, ಅದರ ಫೋಟೊ ಹಾಕಿ, ರಕ್ಷಣೆಗೆ ಕಯಾಕ್ (ಒಬ್ಬರೇ ಕೂರುವ ಸಣ್ಣ ದೋಣಿ) ಜೊತೆಗೆ ಬರುತ್ತಾ, ಎಸೆಯುವ ಹಗ್ಗದ ಚೀಲ ಪ್ರತಿ ರಾಫ್ಟಿನಲ್ಲೂ ಇರುತ್ತಾ, ನೀರು ಬರದಿದ್ದರೆ ಹಣ ವಾಪಸ್ಸಾ. ಮೂರು ಕಡೆ ಕೇಳಿದರೆ ಉತ್ತರದ ಧಾಟಿಯಲ್ಲೇ ಯಾರ ಬಳಿ ಹೋಗಬಾರದು ಎಂದು ಗೊತ್ತಾಗುತ್ತದೆ. "ಎಲ್ಲಾ ಇದೆ, ಬನ್ನಿ ಸಾರ್" ಉತ್ತರವಲ್ಲ. ಅಪಘಾತ ವಿಮೆ ಇದ್ದವರು ಅದರ ಹೊರತುಗಳನ್ನೂ ಓದಿಕೊಳ್ಳಬೇಕು. ಸಾಹಸ ಕ್ರೀಡೆಯನ್ನು ಬಿಟ್ಟಿರುವ ಪಾಲಿಸಿಗಳೇ ಹೆಚ್ಚು.

ಪ್ರಯಾಣ ಮತ್ತು ಸಾಮಾನು

17 ಸೀಟಿನ ಟಿಟಿ (ಟೆಂಪೊ ಟ್ರಾವೆಲರ್), ಬೆಳಗಿನ 5ಕ್ಕೆ ತುಮಕೂರು ಬಿಟ್ಟು ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಅಲ್ಲಿಂದ ಹಳಿಯಾಳದ ಮೇಲೆ ದಾಂಡೇಲಿ. 400 ಕಿ.ಮೀ.ಗೂ ಮೀರಿದ ದಾರಿ. ಮಕ್ಕಳಿದ್ದರೆ ನಿಲ್ಲುತ್ತ ನಿಲ್ಲುತ್ತ ಇಡೀ ದಿನ ಹಿಡಿಯುತ್ತದೆ. ಮುಟ್ಟಿದ ದಿನವೇ ರಾಫ್ಟಿಂಗ್ ಎಂಬ ಪ್ಯಾಕೇಜ್ ಬೇಡ ಎಂದರು. ಹಿಂದಿರುಗಿದ್ದು ಮೂರನೇ ದಿನ, ರಾತ್ರಿ ಪ್ರಯಾಣವಿಲ್ಲದೆ.

ಉಡುಪು: ಬೇಗ ಒಣಗುವ ಟಿ–ಶರ್ಟ್, ಶಾರ್ಟ್ಸ್ ಅಥವಾ ಲೆಗ್ಗಿಂಗ್ಸ್. ಜೀನ್ಸ್ ನೀರು ಕುಡಿದು ಕಲ್ಲಾಗುತ್ತದೆ. ದುಪಟ್ಟಾ, ಉದ್ದ ದಾರ, ಕಾಲ್ಗೆಜ್ಜೆ, ಗಾಜಿನ ಬಳೆ ಯಾವುದೂ ಬೇಡ. ತಾಳಿ ತೆಗೆಯಲು ಮನಸ್ಸಾಗದವರು ಅದನ್ನು ಟಿ–ಶರ್ಟ್ ಒಳಗೆ ಬಿಟ್ಟು, ಒಳಗಡೆಯಿಂದ ಅಂಟುಪಟ್ಟಿ ಹಾಕಿ ಕೂರಿಸಿದರೆ ಸಾಕು; ಹೊರಗೆ ಜೋಲಾಡಿದರೆ ಬಕಲ್‌ಗೆ ಸಿಕ್ಕಿ ಕತ್ತು ಬಿಗಿಯುತ್ತದೆ. ಹವಾಯಿ ಚಪ್ಪಲಿ ಮೊದಲ ಅಲೆಗೇ ಹೋಗುತ್ತದೆ, ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಕನ್ನಡಕಕ್ಕೆ ಹಿಂದಿನಿಂದ ದಾರ. 13ರ ಹುಡುಗಿಗೆ ಮುಟ್ಟಿನ ದಿನ ಬಂದರೆ ಪ್ಯಾಡ್ ನೀರಿನಲ್ಲಿ ಕೆಲಸಕ್ಕೆ ಬಾರದು. ಮುಟ್ಟಿನ ಕಪ್ ಅಭ್ಯಾಸವಿಲ್ಲದಿದ್ದರೆ ದಡದ ಗುಂಪಿಗೆ ಸೇರಬಹುದು, ಯಾರೂ ಕಾರಣ ಕೇಳಬಾರದು ಎಂದು ಅಮ್ಮಂದಿರು ಮೊದಲೇ ಮಾತಾಡಿಕೊಂಡಿದ್ದರು. ಉಬ್ಬಸದ ಹುಡುಗನ ಇನ್ಹೇಲರ್ ಎರಡು: ಒಂದು ಗೈಡ್‌ನ ನೀರು ಹೋಗದ ಚೀಲದಲ್ಲಿ, ಒಂದು ದಡದಲ್ಲಿ. ತಿನ್ನಲು ಬಾಳೆಹಣ್ಣು, ಪಾವಗಡದ ಕಡಲೆಕಾಯಿಯ ಉಂಡೆ, ಓಆರ್‌ಎಸ್. ಹೊಟ್ಟೆ ತುಂಬ ತಿಂದು ಹತ್ತಬಾರದು, ಖಾಲಿ ಹೊಟ್ಟೆಯೂ ಕೂಡದು. ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ ಹದವಾದ ಲೆಕ್ಕ.

ಆ ದಿನ ಏನಾಯಿತು

9.30ಕ್ಕೆ ಬನ್ನಿ ಎಂದಿದ್ದರು. ನೀರು ಬಂದದ್ದು 11.15ಕ್ಕೆ. ಟರ್ಬೈನ್ ಶುರುವಾಗುವ ಸಮಯ ರಾಫ್ಟಿಂಗ್‌ನವರ ಕೈಯಲ್ಲಿಲ್ಲ, ಇದಕ್ಕೆ ಯಾರನ್ನೂ ಬೈಯುವಂತಿಲ್ಲ. ಆದರೆ ಬಂದ ತಕ್ಷಣ ಜಾಕೆಟ್, ಹೆಲ್ಮೆಟ್ ಹಾಕಿಸಿ ಸಾಲಾಗಿ ನಿಲ್ಲಿಸಿದ್ದು ತಪ್ಪು. ಏಪ್ರಿಲ್ ಬಿಸಿಲಲ್ಲಿ ದಪ್ಪ ಫೋಮ್ ತೊಟ್ಟು ಅರ್ಧ ಗಂಟೆ ನಿಂತ ಮಗು ಬೆವತು, ತಲೆ ತಿರುಗಿ, ಆಮೇಲೆ ಅಣೆಕಟ್ಟೆಯ ಆಳದಿಂದ ಬಂದ ತಣ್ಣೀರಿಗೆ ಇಳಿದರೆ ಉಸಿರು ಗಕ್ಕನೆ ಹಿಡಿಯುತ್ತದೆ. ಅಮ್ಮಂದಿರು ಜಾಕೆಟ್ ಬಿಚ್ಚಿಸಿ ಮಕ್ಕಳನ್ನು ನೆರಳಿಗೆ ಕರೆದೊಯ್ದರು. ಹೊರಡುವ ಮೊದಲು ಕೈಕಾಲು, ಕತ್ತು, ಮುಖಕ್ಕೆ ನದಿ ನೀರು ಎರಚಿ ಮೈ ಒಗ್ಗಿಸಿದರು.

ಜಾಕೆಟ್ ಕೂರಿಸಲು 20 ನಿಮಿಷ ಹಿಡಿಯಿತು, ಹಿಡಿಯಬೇಕಾದದ್ದೇ. 9ರ ಹುಡುಗಿಗೆ ಮೊದಲು ಕೊಟ್ಟದ್ದರ ಕೆಳಗಿನ ಬಕಲ್ ಬಿರುಕು ಬಿಟ್ಟಿತ್ತು. ಹಾಕಿದರೆ ಕಚ್ಚುತ್ತದೆ, ಎಳೆದರೆ ಬಿಚ್ಚುತ್ತದೆ. ಎರಡನೆಯದು ದೊಡ್ಡವರ ಚಿಕ್ಕ ಅಳತೆ. ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಅವಳಪ್ಪ ಹಿಂದೆ ನಿಂತು ಜಾಕೆಟ್‌ನ ಎರಡು ಭುಜಪಟ್ಟಿ ಹಿಡಿದು ಮೇಲಕ್ಕೆತ್ತಿದ. ಜಾಕೆಟ್ ಅವಳ ಕಿವಿಯವರೆಗೆ ಬಂತು, ಗಲ್ಲ ಒಳಗೆ ಹೋಯಿತು. ನೀರಿನಲ್ಲೂ ಹೀಗೇ ಆಗುತ್ತದೆ: ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. "ಏನೂ ಆಗಲ್ಲ ಮೇಡಂ, ನಾನಿದೀನಲ್ಲ" ಎಂದ ಗೈಡ್‌ಗೆ "ಇರಲಿ ಅಣ್ಣ, ಇನ್ನೊಂದು ಕೊಡಿ" ಎಂದಷ್ಟೇ ಹೇಳಿದರು. ಮೂರನೆಯದು ತೊಡೆ ಸಂದಿಯ ಪಟ್ಟಿ ಇದ್ದದ್ದು. ಎತ್ತಿದಾಗ ಜಾಕೆಟ್ ಜೊತೆ ಹುಡುಗಿಯೂ ಎದ್ದಳು. ಅದೇ ಸರಿಯಾದ ಗುರುತು. ಹೆಲ್ಮೆಟ್‌ಗೂ ಹಾಗೇ: ಹಣೆಯ ಮೇಲಿಂದ ಹಿಂದಕ್ಕೆ ತಳ್ಳಿದರೆ ಹಣೆ ಬಯಲಾಗಬಾರದು.

ಗಿಡ್ಡ ಹಾದಿ 12 ಗಂಟೆಯ ಸುಮಾರಿಗೆ ಹೊರಟು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಎರಡನೇ ಅಲೆಗಳ ಸಾಲಿನಲ್ಲಿ ಮೊದಲ ರಾಫ್ಟಿನಿಂದ ಬಿದ್ದದ್ದು ಮಗುವಲ್ಲ, ಈಜು ಚೆನ್ನಾಗಿ ಬಲ್ಲ ಅಪ್ಪ. ಪಾದವನ್ನು ಮುಂದಿರುವ, ರಾಫ್ಟಿನ ಗಾಳಿ ತುಂಬಿದ ಅಡ್ಡ ಕೊಳವೆಯಡಿ ಸಿಕ್ಕಿಸದೆ ಸುಮ್ಮನೆ ಅಂಚಿನಲ್ಲಿ ಕೂತಿದ್ದ. ಬೀಳುವಾಗ ಸಮತೋಲಕ್ಕೆಂದು ಹುಟ್ಟಿನ ಮೇಲ್ತುದಿಯ ಹಿಡಿ ಬಿಟ್ಟ. ಅದು ಬೀಸಿ ಹಿಂದೆ ಕೂತಿದ್ದ 14ರ ಹುಡುಗನ ತುಟಿಗೆ ಬಡಿಯಿತು. ರಾಫ್ಟಿಂಗ್‌ನಲ್ಲಿ ಹಲ್ಲು, ತುಟಿ, ಮೂಗು ಒಡೆಯುವುದು ಬಂಡೆಗಿಂತ ಹೆಚ್ಚಾಗಿ ಪಕ್ಕದವರ ಹುಟ್ಟಿನ ಆ ಹಿಡಿಯಿಂದಲೇ. ಒಂದು ಅಂಗೈ ಯಾವಾಗಲೂ ಹಿಡಿಯನ್ನು ಮುಚ್ಚಿಕೊಂಡಿರಬೇಕು, ಬೀಳುವಾಗಲೂ. ಅಪ್ಪನನ್ನು ಗೈಡ್ ಎತ್ತಿದ ರೀತಿ ಮಕ್ಕಳಿಗೆ ಒಳ್ಳೆಯ ಪಾಠವಾಯಿತು: ಕೈ ಹಿಡಿದು ಎಳೆಯಲಿಲ್ಲ, ಮುಖ ರಾಫ್ಟಿನ ಕಡೆ ತಿರುಗಿಸಿ, ಎರಡು ಭುಜಪಟ್ಟಿ ಹಿಡಿದು, ಮೊಣಕಾಲನ್ನು ಕೊಳವೆಗೆ ಒತ್ತಿ, ಒಮ್ಮೆ ಕೆಳಗೆ ಅದುಮಿ ತಾನು ಹಿಂದಕ್ಕೆ ಬಿದ್ದ. ಅದುಮಿದ ಜಾಕೆಟ್ ತಾನೇ ಮೇಲೆ ಚಿಮ್ಮುತ್ತದೆ, ಭಾರ ಅರ್ಧ ಕಡಿಮೆ.

ಹುಡುಗನ ತುಟಿಗೆ ಶುಭ್ರ ಬಟ್ಟೆ ಒತ್ತಿ ಹತ್ತು ನಿಮಿಷ ಹಿಡಿದ ಮೇಲೆ ರಕ್ತ ನಿಂತಿತು, ಹೊಲಿಗೆ ಬೇಕಾಗಲಿಲ್ಲ. ಮುಂದಿನ ನಿಂತ ಮಡುವಿನಲ್ಲಿ ಮೂವರು ಮಕ್ಕಳು ನೀರಿಗಿಳಿದು ತೇಲಿದರು. 9ರವಳು ಒಲ್ಲೆ ಎಂದಳು. ಯಾರೂ ಒತ್ತಾಯಿಸಲಿಲ್ಲ.

ನಿಜವಾದ ಎಡವಟ್ಟು ಹಾದಿ ಮುಗಿದ ಮೇಲೆ. ಒಣ ಬಟ್ಟೆ, ಟವೆಲ್, ತಿಂಡಿಯ ಚೀಲಗಳು ಟಿಟಿಯಲ್ಲಿ, ಟಿಟಿ ಹೊರಟ ಜಾಗದಲ್ಲಿ. ವಾಪಸ್ ಕರೆತಂದದ್ದು ತೆರೆದ ಜೀಪು. ಒದ್ದೆ ಬಟ್ಟೆಗೆ ಗಾಳಿ ಬಡಿದು ಉಬ್ಬಸದ ಹುಡುಗ ಕೆಮ್ಮತೊಡಗಿದ. ಗೈಡ್‌ನ ಚೀಲದಲ್ಲಿದ್ದ ಇನ್ಹೇಲರ್ ಕೈಗೆ ಸಿಕ್ಕಿದ್ದರಿಂದ ಅಲ್ಲಿಗೇ ನಿಂತಿತು. ಚೀಲಗಳನ್ನು ಮೊದಲೇ ಇಳಿಯುವ ಜಾಗಕ್ಕೆ ಕಳಿಸಬೇಕು, ವಾಹನ ಹೋಗದಿದ್ದರೆ ರಾಫ್ಟಿಂಗ್‌ನವರ ಜೀಪಿನಲ್ಲೇ ಹಾಕಬೇಕು. ಎಷ್ಟೋ ಗುಂಪುಗಳು ಎಡವುವುದು ಈ ಒಂದು ವಿಷಯದಲ್ಲಿ.

ಮಧ್ಯಾಹ್ನದ ಉದ್ದದ ಹಾದಿ ರದ್ದಾಯಿತು. ಎಲ್ಲರೂ ಊಟ ಮುಗಿಸುವಾಗ 2 ದಾಟಿತ್ತು, ಹುಡುಗನ ತುಟಿ ಊದಿತ್ತು. ಮೂರು ಗಂಟೆಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು.

ದಡದಲ್ಲಿದ್ದವರು

ಇಡೀ ಯೋಜನೆಯಲ್ಲಿ ಹೆಚ್ಚು ಯೋಚಿಸಬೇಕಾದದ್ದು ರಾಫ್ಟಿನಲ್ಲಿದ್ದ ಹತ್ತು ಜನರ ಬಗ್ಗೆಯಲ್ಲ, ದಡದ ನಾಲ್ವರ ಬಗ್ಗೆ. ರಾಫ್ಟಿನಲ್ಲಿರುವವರಿಗೆ ಜಾಕೆಟ್, ಹೆಲ್ಮೆಟ್, ಗೈಡ್, ಕಯಾಕ್ ಎಲ್ಲ ಇವೆ. ದಡದಲ್ಲಿರುವವರಿಗೆ ಮೊಬೈಲ್ ಬಿಟ್ಟರೆ ಏನಿಲ್ಲ, ಗಮನವೂ ರಾಫ್ಟಿನ ಮೇಲೆ. ಟರ್ಬೈನ್ ನಿಂತಾಗ ಕಾಳಿಯ ಬಂಡೆಗಳು ಒಣಗಿ, ಆಡಲು ಹೇಳಿ ಮಾಡಿಸಿದ ಜಾಗದಂತೆ ಕಾಣುತ್ತವೆ. ಬಂಡೆಯಿಂದ ಬಂಡೆಗೆ ಹಾರುತ್ತ ಮಗು ನದಿಯ ಮಧ್ಯಕ್ಕೆ ಹೋಗಿಬಿಡುತ್ತದೆ. ನೀರು ಬಿಟ್ಟಾಗ ಮೊದಲು ತುಂಬುವುದು ದಡದ ಪಕ್ಕದ ತಗ್ಗು; ಮಧ್ಯದ ಬಂಡೆ ಇನ್ನೂ ಒಣಗೇ ಇರುತ್ತದೆ, ಹಿಂದಿರುಗುವ ದಾರಿ ಮುಚ್ಚಿರುತ್ತದೆ. ಸೈರನ್ ಕೇಳಿಸಿದ ಮೇಲೆ ಓಡೋಣ ಎಂಬ ಲೆಕ್ಕ 5ರ ಮಗುವಿಗೆ, 64ರ ಅಜ್ಜಿಗೆ ಹೊಂದುವುದಿಲ್ಲ.

ಅದಕ್ಕೆ ಈ ಗುಂಪು ನೀರಿನ ಗುರುತು ಇರುವ ಕಲ್ಲಿಗಿಂತ ಮೇಲೆ, ಹತ್ತು ಹೆಜ್ಜೆ ಹಿಂದೆ, ಹುಲ್ಲಿನ ಮೇಲೆ ಚಾಪೆ ಹಾಸಿತು. ಇಬ್ಬರು ಚಿಕ್ಕವರಿಗೂ ಊರಿಂದ ತಂದ ಸಣ್ಣ ಅಳತೆಯ ಜಾಕೆಟ್, ದಡದಲ್ಲಿದ್ದರೂ. ಮಕ್ಕಳನ್ನು ನೋಡುವುದು ಅಮ್ಮನ ಕೆಲಸ. ಫೋಟೊ, ವಿಡಿಯೊ ಅಜ್ಜಿಯದು. ಎರಡೂ ಒಬ್ಬರದೇ ಆದರೆ ಮಕ್ಕಳನ್ನು ಯಾರೂ ನೋಡುತ್ತಿಲ್ಲ ಎಂದರ್ಥ. 11.15ಕ್ಕೆ ನೀರು ಬಂದಾಗ, ಬೆಳಗ್ಗೆ 8ರ ಹುಡುಗ ಹತ್ತಿ ಕೂರಬೇಕೆಂದು ಹಟ ಹಿಡಿದಿದ್ದ ಬಂಡೆ ನೋಡನೋಡುತ್ತ ಮುಳುಗಿತು.

ರಾಫ್ಟಿಂಗ್ ತಪ್ಪಿದ ಆ ಇಬ್ಬರಿಗೆ ಸಂಜೆ ಮಳೆ ಬಾರದಿದ್ದರೆ ನಿಂತ ನೀರಿನಲ್ಲಿ ದೋಣಿ ಸುತ್ತು ಎಂದು ಇಟ್ಟುಕೊಂಡಿದ್ದರು. ಮೋಡದಿಂದಾಗಿ ಅದು ಮರುದಿನ ಬೆಳಗ್ಗೆಗೆ ಹೋಯಿತು. ದಾಂಡೇಲಿ ಸುತ್ತಮುತ್ತ ಕಾಳಿಯಲ್ಲಿ ಮೊಸಳೆಗಳಿವೆ. ಹೊಳೆ ದಂಡೆಯ ರೆಸಾರ್ಟ್‌ನಲ್ಲಿ ಇಳಿದುಕೊಂಡವರು ಮೆಟ್ಟಿಲ ಬಳಿ ಮಕ್ಕಳನ್ನು ನೀರಿಗೆ ಬಿಡುವ ಮೊದಲು ಅಲ್ಲಿಯ ಕೆಲಸಗಾರರನ್ನು ಕೇಳಬೇಕು, ಕೇಳಿದ ಮೇಲೂ ಮುಸ್ಸಂಜೆ ಬಿಡಬಾರದು.

ಮುಂದಿನ ಸಲಕ್ಕೆ ಗುಂಪು ಬದಲಿಸಿಕೊಂಡದ್ದು ಮೂರು. 9ರ ಹುಡುಗಿಗೆ ಸರಿಹೊಂದುವ ಜಾಕೆಟನ್ನು ಕೊಂಡು ಮನೆಯಿಂದಲೇ ಒಯ್ಯುವುದು. ದೊಡ್ಡವರಿಗೂ ದಿವಾನದ ಮೇಲಿನ ತಾಲೀಮು ಕಡ್ಡಾಯ. ಮಕ್ಕಳು ಆಜ್ಞೆ ಪಾಲಿಸಿದರು, ತಪ್ಪಿದ್ದು ಅಪ್ಪಂದಿರು. 8ರ ಹುಡುಗ 23 ಕೆ.ಜಿ. ಮುಟ್ಟಿ, ಈಜುಕೊಳದ ಐದು ನಿಮಿಷ ತೇಲಿದರೆ ಅವನಿಗೂ ಎರಡನೇ ಸಾಲಿನಲ್ಲಿ ಜಾಗ.